ನಿಮ್ಮನಿ ಇಂಟರ್‌ನೆಟ್ ನಂಬರ್ ನಿಮಗ ಗೊತ್ತದನ್ರಿ?



ಹುಲಜಂತಿ, ಮಂಗಳವೇಢೆ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಊರುಗಳಲ್ಲಿ ಫಾರ್ಮ್ ತುಂಬೋದು, ಹಾಲ್ ಟಿಕೆಟ್ ತೆಗೆಯೋದು, ರಿಸಲ್ಟ್ ನೋಡೋದು ಎಲ್ಲಾ ಇಂಟರ್‌ನೆಟ್ ಮ್ಯಾಲೇ ನಿಂತದ. ಅದು ಸರಿಯಾಗಿ ಬರದಿದ್ದರೆ ಕಂಪನಿ ಬದಲಿಸೋಣ ಅಂತೀವಿ. ಹಳೇ ಕಂಪನಿಗೆ ಫೋನ್ ಹಚ್ಚಿದ ಕೂಡಲೇ ಅವರು ಕೇಳೋದು ಕನೆಕ್ಷನ್ ನಂಬರ್. ನಾವು ತಡವರಿಸೋದು ಅಲ್ಲೇ. "ವೈರ್ ಎಳೆದ ಹುಡುಗಗ ಗೊತ್ತು" ಅಂದ್ರ ಕೆಲಸ ಆಗೂದಿಲ್ಲ.

ಮೊಬೈಲ್ ಮಾತು ಬೇರೆ. 2011ರ ಜನವರಿ 20ರಿಂದ ದೇಶದಾದ್ಯಂತ ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸಬಹುದು. 1900ಕ್ಕೆ ಮೆಸೇಜ್ ಕಳಿಸಿದ್ರ 8 ಅಕ್ಷರದ ಪೋರ್ಟಿಂಗ್ ಕೋಡ್ ಬರ್ತದ. ಮನೆಯ ಬ್ರಾಡ್‌ಬ್ಯಾಂಡ್‌ಗೆ ಅಂಥ ವ್ಯವಸ್ಥೆ ಇಲ್ಲ. ಹೊಸದು ಹಾಕಿಸಬೇಕು, ಹಳೇದು ಬಂದ್ ಮಾಡಿಸಬೇಕು. ಬಂದ್ ಮಾಡಿಸಲಿಕ್ಕೆ ಆ ನಂಬರ್ ಬೇಕೇ ಬೇಕು. ಇಲ್ಲದಿದ್ರ ಬಿಲ್ ಏರ್ತಾ ಹೋಗ್ತದ, ಡೆಪಾಸಿಟ್ ಅಲ್ಲೇ ಕೂಡ್ತದ.

ಹುಡುಕೋದು ಎಲ್ಲಿ? ಬಿಲ್ಲಿನಲ್ಲಿ, ಕಂಪನಿಯ ಆ್ಯಪ್‌ನಲ್ಲಿ, ಹಣ ಕಟ್ಟಿದಾಗ ಬರೋ ಮೆಸೇಜಿನಲ್ಲಿ. ಫೋನ್‌ಪೇ, ಗೂಗಲ್‌ಪೇಯಲ್ಲಿ ಬಿಲ್ ಕಟ್ಟಿದ್ದರೆ ಹಿಸ್ಟರಿ ತೆಗೆದು ನೋಡ್ರಿ. ಬಿಎಸ್‌ಎನ್‌ಎಲ್ ಬಿಲ್ಲಿನಲ್ಲಿ ಟೆಲಿಫೋನ್ ನಂಬರ್ ಒಂದು, ಅಕೌಂಟ್ ನಂಬರ್ ಇನ್ನೊಂದು. ಎಸ್‌ಟಿಡಿ ಕೋಡ್ ಸಮೇತ ಎರಡೂ ಬರ್ಕೊಳ್ರಿ. ರೌಟರ್ ಹಿಂದಿನ ಸ್ಟಿಕ್ಕರಿನಲ್ಲಿರೋ ಸೀರಿಯಲ್ ನಂಬರ್, ಮ್ಯಾಕ್ ನಂಬರ್ ಆ ಡಬ್ಬಿಯವು, ನಿಮ್ಮ ಕನೆಕ್ಷನ್ನಿನವಲ್ಲ. ಕನೆಕ್ಷನ್ ಯಾರ ಹೆಸರಿನಲ್ಲಿದೆ, ಯಾವ ಮೊಬೈಲ್ ನಂಬರ್ ಕೊಟ್ಟಿದ್ದೀರಿ ಅನ್ನೋದನ್ನೂ ನೋಡ್ರಿ. ಓಟಿಪಿ, ಪಾಸ್‌ವರ್ಡ್ ಮಾತ್ರ ಯಾರಿಗೂ ಹೇಳಬ್ಯಾಡ್ರಿ.

ಹೊಸದು ಸರಿಯಾಗಿ ಓಡ್ತದ ಅಂತ ಖಾತ್ರಿ ಆದ ಮ್ಯಾಲೇ ಹಳೇದು ಬಿಡ್ರಿ. ಡಬ್ಬಿ ವಾಪಸ್ ಕೊಟ್ಟಾಗ ರಸೀದಿ ಇಸ್ಕೊಳ್ರಿ. ದೂರು ಕೊಟ್ಟರೆ ಡಾಕೆಟ್ ನಂಬರ್ ಕೇಳ್ರಿ. ಟ್ರಾಯ್‌ನ 2012ರ ನಿಯಮದಂತೆ ಅದನ್ನು ಕೊಡಲೇಬೇಕು. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.

ನಮ್ಮ ಕಡೆ ಕಾಗದ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರ್ತದ. ಕನ್ನಡವಷ್ಟೇ ಬಲ್ಲ ಅಪ್ಪ-ಅವ್ವ ಅದನ್ನು ಓದದೇ ಪಕ್ಕಕ್ಕಿಡ್ತಾರ. ರೊಕ್ಕ ಅವರದು, ನಂಬರ್ ಮಾತ್ರ ಬೇರೆಯವರ ಕೈಯಾಗ! ಈ ಪರಾವಲಂಬನೆ ತಪ್ಪಿಸೋದು ಓದಿದ ನಮ್ಮಂಥವರ ಜವಾಬ್ದಾರಿ. ಇವತ್ತೇ ಹುಡುಕ್ರಿ. ರೇಷನ್ ಕಾರ್ಡ್, ಕರೆಂಟ್ ಬಿಲ್ ಇಡೋ ಚೀಲದಾಗ ಕನ್ನಡದಲ್ಲೇ ಬರೆದಿಡ್ರಿ. ಆಮೇಲೆ ಓಣಿಯ ಹಿರಿಯರ ಮನೆಗೂ ಹೋಗಿ ಬರೆದುಕೊಟ್ಟು ಬರ್ರಿ.