ಟಪಾಲು ಎಲ್ಲರದು, ಕ್ಯಾಲೆಂಡರ್ ಕಂಪನಿಯದು!

ಯಾವ ಕಂಪನಿಯ ಸರ್ವರಿನಿಂದ ಇ-ಮೇಲ್ ಹಾಕಿದರೂ ಇನ್ನೊಂದಕ್ಕೆ ತಲುಪುತ್ತೆ. 1982ರಲ್ಲಿ ಎಸ್‌ಎಂಟಿಪಿ ಎಂಬ ಕಟ್ಟಳೆ ಬಂತು. ಬರಬರುತ್ತ ಎಲ್ಲರೂ ಒಪ್ಪಿದರು. ಕಚೇರಿ ಮಂದಿಯೆಲ್ಲ ಹಂಚಿಕೊಳ್ಳುವ ಕ್ಯಾಲೆಂಡರಿನ ಕಥೆಯೇ ಬೇರೆ. ಸಾಹೇಬರಿಗೆ ಯಾವಾಗ ಬಿಡುವು, ಮೀಟಿಂಗ್ ಹಾಲ್ ಯಾವಾಗ ಖಾಲಿ, ಎಲ್ಲವೂ ಸರ್ವರ್ ಮಾರಿದವನ ಸ್ವಂತ ಭಾಷೆಯಲ್ಲಿ!

ಕಟ್ಟಳೆ ಇಲ್ಲವೆಂದಲ್ಲ. 2007ರಲ್ಲೇ ಕ್ಯಾಲ್‌ಡ್ಯಾವ್ ಬಂತು. ಆಪಲ್, ಗೂಗಲ್ ಒಪ್ಪಿಕೊಂಡವು. ದೊಡ್ಡ ಕಚೇರಿಗಳಲ್ಲಿ ಬೇರುಬಿಟ್ಟಿರುವ ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ ಮಾತ್ರ ಅದನ್ನು ಒಳಕ್ಕೆ ಬಿಟ್ಟುಕೊಂಡಿಲ್ಲ. 2008ರಲ್ಲಿ ತನ್ನ ಭಾಷೆಯ ಗುಟ್ಟು ಪ್ರಕಟಿಸಿತು, ನಿಜ. ಗುಟ್ಟು ಬಿಚ್ಚಿದ ಮಾತ್ರಕ್ಕೆ ಮನೆಯ ಸೇರು ಊರಿನ ಸೇರಾದೀತೆ? ಕಂಪನಿ ದರ ಏರಿಸಿದರೆ ಬಾಯ್ಮುಚ್ಚಿ ಕಟ್ಟಬೇಕು. ಬಿಟ್ಟು ಹೋಗೋಣವೆಂದರೆ ಹಳೇ ಲೆಕ್ಕವೆಲ್ಲ ಸುಲಭಕ್ಕೆ ಜೊತೆಗೆ ಬರೋದಿಲ್ಲ.

ತಕ್ಕಡಿಗೆ ಸರ್ಕಾರಿ ಮುದ್ರೆ ಇಲ್ಲದಿದ್ದರೆ ಅಂಗಡಿಯವನಿಗೆ ದಂಡ. ಅದೇ ಸರ್ಕಾರ ತಾನು ಕೊಳ್ಳುವಾಗ ಕಣ್ಣು ಮುಚ್ಚಬಹುದೆ? ಇ-ಆಡಳಿತಕ್ಕೆ ಮುಕ್ತ ಮಾನಕಗಳೇ ಬೇಕೆಂದು ಕೇಂದ್ರ ಸರ್ಕಾರ 2010ರಲ್ಲೇ ನೀತಿ ಹೊರಡಿಸಿದೆ. ನೀತಿ ಕಡತದಲ್ಲಿ ಮಲಗಿದರೆ ಏನು ಬಂತು? ಸರ್ವರ್ ಕೊಳ್ಳುವ ಪ್ರತಿ ಟೆಂಡರಿನಲ್ಲೂ ಕ್ಯಾಲ್‌ಡ್ಯಾವ್ ಷರತ್ತು ಬರೆಯಲಿ. ದುಡ್ಡು ಜನರದು. ಅಂಗಡಿ ಬದಲಿಸಲಾಗದ ಗಿರಾಕಿ ಗಿರಾಕಿಯಲ್ಲ, ಜೀತದಾಳು.