ಭೌತಶಾಸ್ತ್ರ ಓದಿ ಏನಾಗ್ತೀಯ?

ಮಕ್ಕಳೇ, "ಬಿ.ಎಸ್ಸಿ.ಗೆ ಭೌತಶಾಸ್ತ್ರ ತಗೋತೀನಿ" ಎಂದರೆ ಜಗಲಿಯ ಮೇಲಿನ ತಾತ ಕೇಳುತ್ತಾರೆ: "ಅದನ್ನು ಓದಿ ಏನಾಗ್ತೀಯ?" ಪ್ರಶ್ನೆ ತಪ್ಪಲ್ಲ. ಆದರೆ ಹದಿನೇಳಕ್ಕೇ ಪೂರ್ತಿ ಉತ್ತರ ಬೇಕಿಲ್ಲ.

ಸಿ. ವಿ. ವಿಶ್ವೇಶ್ವರ ಮೈಸೂರು ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ. ಮುಗಿಸಿ ಅಮೆರಿಕಕ್ಕೆ ಹೋದರು. ಕಪ್ಪುಕುಳಿ ಅವರ ವಿಷಯವಾದದ್ದು ಅಲ್ಲಿ, ಸಂಶೋಧನೆಗೆ ಇಳಿದ ಮೇಲೆ. ಹೊಡೆದ ಗಂಟೆಯ ನಾದ ಮೆಲ್ಲಗೆ ಅಡಗುವಂತೆ, ಅಲುಗಿದ ಕಪ್ಪುಕುಳಿಯೂ ಮಿಡಿದು ಶಾಂತವಾಗುತ್ತದೆಂದು 1970ರಲ್ಲಿ ಲೆಕ್ಕ ಹಾಕಿ ತೋರಿಸಿದರು. 2015ರಲ್ಲಿ ಲೈಗೊ ಉಪಕರಣ ಹಿಡಿದ ಗುರುತ್ವ ಅಲೆಯ ಕೊನೆಯಲ್ಲಿ ಅಂಥದೇ ಮಿಡಿತವಿತ್ತು!

ಹಾಗಾಗಿ ಪದವಿಯಲ್ಲಿ ಬುನಾದಿ ಗಟ್ಟಿ ಮಾಡಿಕೊಳ್ಳಿ. ಭೌತಶಾಸ್ತ್ರದ ಜೊತೆ ಗಣಿತ ಬಿಡಬೇಡಿ. ನಕ್ಷತ್ರವೋ ಪರಮಾಣುವೋ ಎಂಬುದನ್ನು ಎಂ.ಎಸ್ಸಿ.ಯಲ್ಲಿ ಆರಿಸಿಕೊಳ್ಳಬಹುದು. ಪಾಠ ಹೇಳುವ ಆಸೆಯೇ? ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ನಾಲ್ಕೇ ವರ್ಷದಲ್ಲಿ ಬಿ.ಎಸ್ಸಿ., ಬಿ.ಇಡಿ. ಎರಡೂ ಆಗುತ್ತವೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯವರಿಗೆ ಮೈಸೂರು ಒಂದು ಬಸ್ಸಿನ ದೂರ.

ತಾತಂದಿರೇ, ಕಬಿನಿ ಅಣೆಕಟ್ಟೆಯ ಬುಡ ಏಕಷ್ಟು ಅಗಲವೆಂದು ಮೊಮ್ಮಗಳನ್ನು ಕೇಳಿ. "ಆಳಕ್ಕೆ ಹೋದಷ್ಟೂ ನೀರಿನ ಒತ್ತಡ ಹೆಚ್ಚು ತಾತ" ಎಂದು ಕಣ್ಣರಳಿಸಿ ಹೇಳಿದಳೇ? ಅವಳನ್ನು ಓದಲು ಕಳಿಸಿ.