ಪಂಕ್ತಿಭೇದವಿಲ್ಲದ ಪ್ರಯೋಗಾಲಯ

ವಿದ್ಯಾನಗರಗಳ ನಕ್ಷೆ ಬರೆಯುವವರು ಒಂದೊಂದು ಶಾಸ್ತ್ರಕ್ಕೂ ಒಂದೊಂದು ಭವನವನ್ನು ಗೊತ್ತುಮಾಡುವುದು ವಾಡಿಕೆ. ಭವನಗಳು ಭವ್ಯವಾಗಿ ಮೇಲೇಳುತ್ತವೆ. ಒಳಗಿನ ಪಂಡಿತರು ಮಾತ್ರ ನೆರೆಯವರಾಗಿಯೂ ಅಪರಿಚಿತರಾಗಿ ಉಳಿಯುತ್ತಾರೆ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1962ರಲ್ಲಿ ಅಣುಜೀವವಿಜ್ಞಾನದ ಪ್ರಯೋಗಾಲಯವು ಹೊಸ ಕಟ್ಟಡವನ್ನು ಪ್ರವೇಶಿಸಿದಾಗ, ಅದರ ಮುಖ್ಯಸ್ಥರಾದ ಮ್ಯಾಕ್ಸ್ ಪೆರುಟ್ಸ್ ಬೇರೆ ದಾರಿಯನ್ನು ಹಿಡಿದರು. ಬೆಲೆಬಾಳುವ ಉಪಕರಣಗಳು ಯಾರೊಬ್ಬರ ಸ್ವತ್ತೂ ಆಗದೆ ಎಲ್ಲರ ಬಳಕೆಗೂ ದೊರೆತವು. ಮೇಲಂತಸ್ತಿನಲ್ಲಿ ಒಂದು ಉಪಾಹಾರ ಗೃಹ. ಅದರ ಉಸ್ತುವಾರಿ ಅವರ ಪತ್ನಿ ಗಿಸೆಲಾ ಅವರದು. ಹಿರಿಯ ವಿಜ್ಞಾನಿಯೂ ಹೊಸ ವಿದ್ಯಾರ್ಥಿಯೂ ಅಲ್ಲಿ ಒಂದೇ ಮೇಜಿನಲ್ಲಿ ಕುಳಿತು ಕಾಫಿ ಕುಡಿದರು, ವಾದಿಸಿದರು.

ಫಲವೇನು? ಪ್ರೋಟೀನಿನ ರಚನೆಯನ್ನು ಬಿಡಿಸಿ 1958ರಲ್ಲಿ ನೊಬೆಲ್ ಪಡೆದಿದ್ದ ಫ್ರೆಡರಿಕ್ ಸ್ಯಾಂಗರ್ ಜೀವರಸಾಯನಶಾಸ್ತ್ರ ವಿಭಾಗವನ್ನು ಬಿಟ್ಟು ಅಲ್ಲಿಗೆ ಬಂದರು. ಭೌತಶಾಸ್ತ್ರದಿಂದ ಜೀವವಿಜ್ಞಾನಕ್ಕೆ ಹೊರಳಿದ್ದ ಫ್ರಾನ್ಸಿಸ್ ಕ್ರಿಕ್ ಮೊದಲಾದವರ ಒಡನಾಟದಲ್ಲಿ ಅವರ ಆಸಕ್ತಿ ನ್ಯೂಕ್ಲಿಯಿಕ್ ಆಮ್ಲಗಳತ್ತ ತಿರುಗಿತು. 1977ರಲ್ಲಿ ಡಿ.ಎನ್.ಎ.ಯ ಅಕ್ಷರಮಾಲೆಯನ್ನು ಓದುವ ಅವರ ಪ್ರಸಿದ್ಧ ವಿಧಾನ ಪ್ರಕಟವಾಯಿತು. 1980ರಲ್ಲಿ ಎರಡನೆಯ ನೊಬೆಲ್ ಒಲಿದು ಬಂದಿತು.

ಪ್ರತಿಭೆಯನ್ನು ಯಾವ ಶಿಲ್ಪಿಯೂ ಕಟ್ಟಲಾರ. ಆದರೆ ಪ್ರತಿಭೆಗಳು ದಿನಕ್ಕೊಮ್ಮೆ ಎದುರುಬದುರಾಗುವಂತೆ ಬಾಗಿಲನ್ನಿಡುವುದು ಅವನ ಕೈಯಲ್ಲಿದೆ. ನೂರು ಕೊಠಡಿಗಳ ನಕ್ಷೆಯಲ್ಲಿ ಎಲ್ಲರೂ ಕೂಡುವ ಒಂದು ಕೊಠಡಿಯನ್ನು ಮರೆತರೆ, ಉಳಿದ ತೊಂಬತ್ತೊಂಬತ್ತೂ ಬರಿಯ ಗೋಡೆಗಳೇ.